ದಕ್ಕೆಯಿಂದ ಕಡಲಿಗೆ

ಮಂಗಳೂರಿನ ಹಳೆ ಬಂದರಿನಲ್ಲಿ ನನ್ನ ಸೋದರಮಾವನಿಗೆ ಅಕ್ಕಿಯ ಮಂಡಿಯಿತ್ತು. 1966ರ ಸುಮಾರಿಗೆ, ನಾನು ಒಂಬತ್ತು ವರ್ಷದ ಹುಡುಗನಾಗಿದ್ದಾಗ, ಶಾಲೆ ಬಿಟ್ಟೊಡನೆ ಪುಸ್ತಕದ ಚೀಲವನ್ನು ಮಂಡಿಯ ಮೂಲೆಗೆ ಎಸೆದು ದಕ್ಕೆಯ ಕಡೆಗೆ ಓಡುತ್ತಿದ್ದೆ. ಅಲ್ಲಿ ಲಕ್ಷದ್ವೀಪದ ಮಂಜಿಗಳು ನಿಂತಿರುತ್ತಿದ್ದವು. ಮರದಿಂದ ಕಟ್ಟಿದ, ಹಾಯಿಯ ಬಲದಿಂದ ಕಡಲನ್ನು ದಾಟುವ ನಾವೆಗಳವು. ತೆಂಗಿನ ನಾರಿನ ಹುರಿಯನ್ನೂ ಕೊಬ್ಬರಿಯನ್ನೂ ಇಳಿಸಿ, ಅಕ್ಕಿಯನ್ನು ತುಂಬಿಕೊಂಡು ಹಿಂದಿರುಗುತ್ತಿದ್ದವು. ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ಉತ್ತರದ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವೆಂಬುದನ್ನು ಇಂದು ನೆನೆಯುವವರು ಕಡಿಮೆ. ಜಿಲ್ಲೆಯ ಭೂಪಟದಿಂದ ಅವು ಹೊರಟುಹೋದ ಸುದ್ದಿ ಮಂಜಿಗಳಿಗೆ ಮುಟ್ಟಿರಲಿಲ್ಲವೋ ಏನೋ, ಮಳೆಗಾಲ ಮುಗಿದೊಡನೆ ಅವು ಎಂದಿನಂತೆಯೇ ಬರುತ್ತಿದ್ದವು.

ಒಂದು ಮಂಜಿಯ ತಂಡೇಲ ನನಗೆ ಒಣ ಎಲೆಯಲ್ಲಿ ಸುತ್ತಿದ ತೆಂಗಿನಕಾಯಿ ಬೆಲ್ಲದ ಉಂಡೆಯೊಂದನ್ನು ಕೊಟ್ಟು, “ಬರುತ್ತೀಯಾ ಮಗಾ, ಅಮಿನಿಗೆ?” ಎಂದು ಕೇಳಿದ. ಅವನ ಭಾಷೆ ನನಗೆ ಅರ್ಧ ಮಾತ್ರ ತಿಳಿಯುತ್ತಿತ್ತು. ಆದರೆ ಪ್ರಶ್ನೆ ಪೂರ್ಣವಾಗಿ ತಿಳಿಯಿತು. ನಾನು ಹೊರಡಲು ಸಿದ್ಧನಾಗಿಯೇ ಇದ್ದೆ. ಮಾವ ಕಿವಿ ಹಿಡಿದು ಎಳೆದುಕೊಂಡು ಹೋದ.

ಮುಂದೆ ಓದು, ಉದ್ಯೋಗ, ಸಂಸಾರ. ಮೂವತ್ತೈದು ವರ್ಷ ಕನ್ನಡ ಪಾಠ ಹೇಳಿದೆ. ಕಡಲಿನ ವರ್ಣನೆಯಿರುವ ಎಷ್ಟೋ ಪದ್ಯಗಳನ್ನು ಕಂಠವೆತ್ತಿ ಓದಿದೆ. “ಸಾರ್, ನೀವು ಹಡಗಿನಲ್ಲಿ ಹೋಗಿದ್ದೀರಾ?” ಎಂದು ಒಮ್ಮೆ ವಿದ್ಯಾರ್ಥಿನಿಯೊಬ್ಬಳು ಕೇಳಿದಾಗ, ಸೀಮೆಸುಣ್ಣವನ್ನು ಹುಡುಕುವ ನೆಪದಿಂದ ಹಲಗೆಯ ಕಡೆಗೆ ತಿರುಗಿ ನಿಂತೆ.

2017ರಲ್ಲಿ ನಿವೃತ್ತನಾದೆ. ಅಕ್ಟೋಬರಿಗೆ ಕೊಚ್ಚಿಯಿಂದ ಕವರತ್ತಿಗೆ ಹೋಗುವ ಹಡಗಿನಲ್ಲಿ ಎರಡು ಸ್ಥಳಗಳನ್ನು ಕಾಯ್ದಿರಿಸಿದೆ. ಸೆಪ್ಟೆಂಬರಿನಲ್ಲಿ ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಇರುವುದು ತಿಳಿಯಿತು. ಶಸ್ತ್ರಚಿಕಿತ್ಸೆಯಾಯಿತು. ಅನಂತರ ಎರಡು ವಾರಗಳಿಗೊಮ್ಮೆ, ಒಟ್ಟು ಹನ್ನೆರಡು ಸಲ, ರಕ್ತನಾಳದ ಮೂಲಕ ಔಷಧ. ರೋಗದ ನೋವಿಗಿಂತ ಆ ಔಷಧದ ಒಂದು ವಿಚಿತ್ರ ಗುಣವೇ ಇಂದಿಗೂ ನೆನಪಿನಲ್ಲಿ ಉಳಿದಿದೆ. ತಣ್ಣೀರು ತಾಕಿದರೆ ಬೆರಳುಗಳಿಗೆ ಸೂಜಿ ಚುಚ್ಚಿದಂತಾಗುತ್ತಿತ್ತು. ಕಬ್ಬಿಣದ ಕಿಟಕಿಯ ಸರಳನ್ನು ಮುಟ್ಟಲೂ ಅಂಜುತ್ತಿದ್ದೆ. ಚಿಕಿತ್ಸೆ ಮುಗಿದ ಮೇಲೆ ಆ ಚುಚ್ಚು ಹೋಯಿತು. ಅದರ ಬದಲಿಗೆ ಪಾದಗಳು ಮರಗಟ್ಟಿದವು. ನಡೆಯುವಾಗ ನೆಲ ಎಲ್ಲಿದೆಯೆಂದು ಕಣ್ಣಿನಿಂದ ನೋಡಿ ತಿಳಿಯಬೇಕಾಗಿತ್ತು.

2019ರ ಜನವರಿಯಲ್ಲಿ, ಮುಂದಿನ ತಪಾಸಣೆಗೆ ಇನ್ನೂ ಒಂದು ತಿಂಗಳಿರುವಾಗ, ನಾವು ಹೊರಟೆವು. ತಪಾಸಣೆಯ ಫಲಿತಾಂಶ ಬಂದ ಮೇಲೆ ಹೋಗಬಾರದೇ ಎಂದು ಮಗ ಕೇಳಿದ. ಫಲಿತಾಂಶ ಹೇಗೂ ಬರುತ್ತದೆ, ಹಡಗು ಕಾಯುವುದಿಲ್ಲ ಎಂದಳು ಅವನ ತಾಯಿ. ಅಷ್ಟು ಧೈರ್ಯದ ಮಾತನ್ನಾಡಿದವಳು ವೈದ್ಯಕೀಯ ಕಾಗದಗಳ ನೀಲಿ ಕಡತವನ್ನು ಮಾತ್ರ ಸೀರೆಗಳ ಅಡಿಯಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದಳು.

ಕೊಚ್ಚಿಯ ವಿಲ್ಲಿಂಗ್ಡನ್ ದ್ವೀಪದಿಂದ ಹಡಗು ಹೊರಡುತ್ತದೆ. ಇದು ಬಹುಮಟ್ಟಿಗೆ ಮನುಷ್ಯ ಕಟ್ಟಿದ ದ್ವೀಪ. ಹಿಂದೆ ಅಳಿವೆಯ ಬಾಯಿಗೆ ಅಡ್ಡವಾಗಿದ್ದ ಗಟ್ಟಿ ಮರಳಿನ ದಿಬ್ಬದಿಂದಾಗಿ ದೊಡ್ಡ ಹಡಗುಗಳು ಹೊರಗಡಲಿನಲ್ಲಿಯೇ ನಿಲ್ಲಬೇಕಾಗಿತ್ತು. ರಾಬರ್ಟ್ ಬ್ರಿಸ್ಟೋ ಎಂಬ ಇಂಜಿನಿಯರು 1920ರ ದಶಕದಲ್ಲಿ ಆ ದಿಬ್ಬವನ್ನು ಕಡಿಸಿ ಕಾಲುವೆ ಮಾಡಿಸಿದನು. ಹೂಳೆತ್ತಿದ ಮಣ್ಣೇ ಈ ದ್ವೀಪವಾಯಿತು. ಅದರ ಅಂಚಿನಿಂದ ಹಡಗಿನ ಏಣಿಯನ್ನು ಹತ್ತುವಾಗ ನಾನು ಮೆಟ್ಟಿಲುಗಳನ್ನು ಒಂದೊಂದಾಗಿ ದಿಟ್ಟಿಸುತ್ತ ಹೆಜ್ಜೆಯಿಟ್ಟೆ. ಹಿಂದಿನವರು ಗೊಣಗಿದರು. ಅದು ನ್ಯಾಯವೇ.

ಮೇಲಟ್ಟದ ಬೆಂಚಿನ ಮೇಲೆ ವೃದ್ಧ ದಂಪತಿಗಳು ಮೊದಲೇ ಕುಳಿತಿದ್ದರು. ಆತನ ತೊಡೆಯ ಮೇಲೆ ಒಂದು ಕಡತವಿತ್ತು. ಅದೇ ನೀಲಿ ಬಣ್ಣ, ಅಷ್ಟೇ ದಪ್ಪ. ನನ್ನ ಮುರುಕು ಮಲಯಾಳದಲ್ಲಿ ಮಾತನಾಡಿಸಿದೆ. ಅಮಿನಿಯವರು. ಕವರತ್ತಿಯಲ್ಲಿ ಇಳಿದು ಬೇರೆ ದೋಣಿ ಹಿಡಿಯಬೇಕು. ಹೆಂಡತಿಯ ಚಿಕಿತ್ಸೆಗಾಗಿ ಇದು ಅವರ ಏಳನೆಯ ಪ್ರಯಾಣವಂತೆ. “ಹಡಗು ಓಲಾಡಿದರೆ ಅವಳಿಗೆ ಹೊಟ್ಟೆಯಲ್ಲಿ ಏನೂ ನಿಲ್ಲುವುದಿಲ್ಲ” ಎಂದರು. ಕೊಚ್ಚಿಯಿಂದ ಕವರತ್ತಿಗೆ ಸುಮಾರು 400 ಕಿಲೋಮೀಟರು. ಐವತ್ತು ವರ್ಷ ನಾನು ಕನಸಿನಲ್ಲಿ ಕಂಡ ದಾರಿ ಅವರ ಪಾಲಿಗೆ ಆಸ್ಪತ್ರೆಯ ದಾರಿ. ನನ್ನನ್ನು ನೋಡಿ ಅವರು, “ನೀವು?” ಎಂದು ಕೇಳಿದರು. ವಿಹಾರಕ್ಕೆ ಎನ್ನಲು ನಾಲಿಗೆ ಬರಲಿಲ್ಲ. ನನ್ನ ಊರು ಮಂಗಳೂರು ಎಂದೆ. ಅವರ ಮುಖ ಅರಳಿತು. “ನಮ್ಮ ತಂದೆ ಮಂಜಿಯಲ್ಲಿ ಅಕ್ಕಿ ತರುತ್ತಿದ್ದ ಊರು!” ಎಂದು ಹೆಂಡತಿಗೆ ತಿರುಗಿ ಹೇಳಿದರು. ಆಕೆ ನನ್ನ ಕಡೆ ನೋಡಿ ನಕ್ಕರು.

ಹಗ್ಗಗಳನ್ನು ಬಿಚ್ಚಿದರು. ಹಡಗು ಸದ್ದಿಲ್ಲದೆ ದಂಡೆಯಿಂದ ಸರಿಯಿತು. ನಾವು ಚಲಿಸುತ್ತಿದ್ದೇವೆಂಬುದು ಗೋದಾಮಿನ ಗೋಡೆ ಹಿಂದೆ ಹೋದಾಗಲೇ ತಿಳಿದದ್ದು. ಎಡಕ್ಕೆ ಫೋರ್ಟ್ ಕೊಚ್ಚಿಯ ಚೀನೀ ಬಲೆಗಳು ನೀರಿಗೆ ಬಾಗಿದ್ದವು, ಬಲಕ್ಕೆ ವೈಪಿನ್. ಹೊರಗಡಲು ಸಿಕ್ಕಿದ ಮೇಲೆ, ಕಾಲುವೆಯಲ್ಲಿ ದಾರಿ ತೋರಿಸಿದ ಪೈಲಟ್ ಹಡಗಿನ ಮಗ್ಗುಲಿನ ಹಗ್ಗದ ಏಣಿಯಿಂದ ಪುಟ್ಟ ದೋಣಿಗೆ ಇಳಿದು, ಒಮ್ಮೆ ಕೈಬೀಸಿ, ದಂಡೆಯ ಕಡೆಗೆ ಹೊರಟುಹೋದ. ನಾನು ಅಂಚಿನ ಕಬ್ಬಿಣದ ಸರಳನ್ನು ಎರಡು ಕೈಗಳಿಂದಲೂ ಹಿಡಿದು ನಿಂತಿದ್ದೆ. ಅದು ತಣ್ಣಗೆ, ಉಪ್ಪುನೀರಿನಿಂದ ಅಂಟಂಟಾಗಿತ್ತು. ತಣ್ಣಗಿದೆ, ಅಷ್ಟೇ, ಚುಚ್ಚಲಿಲ್ಲ.

ಸೂರ್ಯ ಮುಳುಗಿದ. ಅಮಿನಿಯ ಹಿರಿಯರು ಹೆಂಡತಿಯ ಹೆಗಲಿಗೆ ಶಾಲು ಹೊದಿಸಿ ಒಳಗೆ ಕರೆದೊಯ್ದರು. “ಮಾತ್ರೆ ತೆಕ್ಕೊಂಡ್ರಾ ಮಾರಾಯ್ರೇ?” ಎಂದು ಹಿಂದಿನಿಂದ ಧ್ವನಿ ಬಂತು. ಮರೆತೇಬಿಟ್ಟಿದ್ದೆ. ಆಕೆ ಬೈಯುತ್ತಲೇ ಫ್ಲಾಸ್ಕಿನಿಂದ ಲೋಟಕ್ಕೆ ಬಿಸಿನೀರು ಬಗ್ಗಿಸಿದಳು. ಅಷ್ಟರಲ್ಲಿ ಮೊದಲ ದೊಡ್ಡ ಅಲೆಗೆ ಹಡಗು ಓಲಿತು. ಅರ್ಧ ನೀರು ನನ್ನ ಅಂಗಿಯ ಮೇಲೆ ಚೆಲ್ಲಿತು.