ಹೆಬ್ಬಾಗಿಲಿನಿಂದ ಹೊಸ್ತಿಲವರೆಗೆ

ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವ ದಾರಿಯಲ್ಲಿ, ಅಡಕೆಯ ತೋಟಗಳ ಅಂಚಿನಲ್ಲಿ, ಗುಡ್ಡಕ್ಕೆ ಬೆನ್ನುಕೊಟ್ಟು ನಿಂತಿರುವ ಹಳೆಯ ಮನೆಗಳನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುತ್ತದೆ; ಅದರಲ್ಲಿ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನೊಳಗೇ ಬಿದ್ದುಹೋಗುವುದು. ಇಂತಹ ಸೀಮೆಯಲ್ಲಿ ಮನೆಯ ಮುಂಭಾಗವೆಂಬುದು ಬರಿಯ ಅಲಂಕಾರದ ಮಾತಲ್ಲ. ನೀರು, ಕೆಸರು, ಇಂಬಳ ಈ ಮೂರನ್ನೂ ಹೊರಗೇ ತಡೆದು, ಮನುಷ್ಯನನ್ನು ಮಾತ್ರ ಒಳಕ್ಕೆ ಬರಮಾಡಿಕೊಳ್ಳುವ ಉಪಾಯವದು.

ಹಿಂದಿನವರು ಈ ಕೆಲಸವನ್ನು ಮೆಟ್ಟಿಲು ಮೆಟ್ಟಿಲಾಗಿ ಹಂಚಿದ್ದರು. ಹೆಬ್ಬಾಗಿಲನ್ನು ದಾಟಿದರೆ ಅಂಗಳ. ಅಲ್ಲಿ ಕೆಸರು ಉಳಿಯುವುದು. ಮೆಟ್ಟಿಲ ಮಗ್ಗುಲಲ್ಲಿ ನೀರು ತುಂಬಿದ ಕಲ್ಲುಮರಿಗೆ, ಅದರ ಮೇಲೊಂದು ಚೊಂಬು. ಅಲ್ಲಿ ಕಾಲು ತೊಳೆಯುವುದು. ಬಳಿಕ ಜಗಲಿ. ಒದ್ದೆ ಕಂಬಳಿಯನ್ನು ಗಳುವಿಗೆ ಹಾಕಿ, ಕುಳಿತು, ಬೆಲ್ಲ ನೀರು ಕುಡಿದು, ಕವಳದ ತಟ್ಟೆ ಬಂದ ಮೇಲಲ್ಲವೆ ಬಂದ ಕಾರ್ಯದ ಮಾತು! ಹೊಸ್ತಿಲನ್ನು ದಾಟುವುದು ಕಡೆಯಲ್ಲಿ, ಅದೂ ಅಗತ್ಯವಿದ್ದರೆ.

ಈ ಜಗಲಿಗಳು ಬದಲಾವಣೆಯನ್ನೇ ಕಾಣದವೆಂದು ಹೇಳಲಾಗದು. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆಯನ್ನು ತೆರೆದ ತರುವಾಯ, ಘಟ್ಟದ ಮೇಲಣ ಸೋಗೆ, ಹುಲ್ಲಿನ ಮಾಡುಗಳು ಕಾಲಕ್ರಮದಲ್ಲಿ ಹೆಂಚಿಗೆ ತಿರುಗಿದುವು. ಈಗ ಬಂದಿರುವ ತೊಡಕು ಬೇರೆ ಬಗೆಯದು. ಸ್ಕೂಟರು, ಅದರ ಶಿರಸ್ತ್ರಾಣ, ಮಕ್ಕಳ ಶಾಲೆಯ ಚೀಲಗಳು, ಕುಳಿತೇ ಬಿಚ್ಚಬೇಕಾದ ಬೂಟುಗಳು, ನೀರು ಸುರಿಸುವ ಮಳೆಯಂಗಿಗಳು. ಇವುಗಳಿಗೆ ಹಳೆಯ ಮನೆಯಲ್ಲಿ ಗೊತ್ತಾದ ಸ್ಥಳವಿಲ್ಲ.

ಕಳೆದ ಮಳೆಗಾಲದಲ್ಲಿ ನಾವು ಆ ಕಡೆ ಹೋಗಿದ್ದಾಗ ಇದಕ್ಕೆ ಎರಡು ಬಗೆಯ ಪರಿಹಾರಗಳನ್ನು ಕಂಡೆವು. ಒಂದು ಮನೆಯಲ್ಲಿ ಜಗಲಿಗೆ ಕಬ್ಬಿಣದ ಸರಳುಗಳನ್ನು ಹಾಕಿ, ನೆಲಕ್ಕೆ ಕನ್ನಡಿಯಂತೆ ಹೊಳೆಯುವ ಬಿಲ್ಲೆಗಳನ್ನು ಹೊದಿಸಿದ್ದರು. ಒದ್ದೆಗಾಲಿಟ್ಟರೆ ಜಾರುವುದೆಂದು ಅದರ ಮೇಲೆ ಗೋಣಿಚೀಲ. ಗೋಣಿಚೀಲದ ಮೇಲೆ ಚಪ್ಪಲಿಗಳ ರಾಶಿ. ಸರಳುಗಳಿಗೆ ನೇತುಹಾಕಿದ ಮಳೆಯಂಗಿಗಳು. ಮಣ್ಣಿನ ಗೋಡೆಗೆ ಸಿಮೆಂಟಿನ ಗಾರೆ ಮೆತ್ತಿದುದರಿಂದ ಒಳಗಿನ ತೇವಕ್ಕೆ ಹೊರಬರಲು ದಾರಿಯಿಲ್ಲದೆ ಗಾರೆಯು ಹಪ್ಪಳದಂತೆ ಏಳುತ್ತಿತ್ತು. ಹಳೆಯ ಸುಣ್ಣದ ಗಾರೆಯಾದರೋ ತೇವವನ್ನು ಹೀರಿ ಬಿಸಿಲಿಗೆ ಬಿಟ್ಟುಕೊಡುತ್ತದೆ. ಕಳ್ಳರ ಭಯವು ಸುಳ್ಳಲ್ಲ, ಒಪ್ಪುತ್ತೇವೆ. ಆದರೆ ಆ ಜಗಲಿಯಲ್ಲಿ ಕುಳಿತವರನ್ನು ನಾವು ಕಾಣಲಿಲ್ಲ.

ಎರಡನೆಯದು ನಮ್ಮ ಮಿತ್ರರ ಮನೆ. ಅವರ ತಾಯಿಯವರಿಗೆ ಸೊಂಟದ ಮೂಳೆ ಮುರಿದು ಗಾಲಿಕುರ್ಚಿ ಬಂದಿತ್ತು. ಪ್ರಧಾನ ಬಾಗಿಲಿನ ಹೊಸ್ತಿಲು ಆರಂಗುಲ ಎತ್ತರ. ಅದನ್ನು ಕತ್ತರಿಸುವುದೇ ಲೇಸೆಂದು ಮಗನ ಅಭಿಪ್ರಾಯ. “ನಾನು ಅಕ್ಕಿ ಚೆಲ್ಲಿ ಒಳಗೆ ಬಂದ ಹೊಸ್ತಿಲು ಅದು. ಗರಗಸ ಹಾಕುವುದಿದ್ದರೆ ನಾನು ಹೋದ ಮೇಲೆ ಹಾಕಪ್ಪ” ಎಂದು ಆ ವೃದ್ಧೆಯ ಉತ್ತರ. ಹೀಗೆ ಎರಡು ಮಳೆಗಾಲಗಳು ಕಳೆದುವು. ಆಕೆ ಜಗಲಿಯನ್ನೇ ಕಾಣದೆ ನಡುಮನೆಯಲ್ಲಿ ಉಳಿದರು.

ಬಿಡಿಸಿದವನು ಊರಿನ ಬಡಗಿ. ತಾಯಿಯವರ ಕೋಣೆಯಿಂದ ಜಗಲಿಗೆ ಬಹುಕಾಲದಿಂದ ಮುಚ್ಚಿದ್ದ ಬದಿಯ ಬಾಗಿಲೊಂದಿತ್ತು. ಅದರ ಹೊಸ್ತಿಲು ಎರಡೇ ಅಂಗುಲ. ಒಂದಂಗುಲ ಏರಿಗೆ ಹನ್ನೆರಡು ಅಂಗುಲ ಉದ್ದವಿರಬೇಕೆಂಬುದು ಗಾಲಿಕುರ್ಚಿಯ ಹಾದಿಯ ಲೆಕ್ಕ. ಆದುದರಿಂದ ಹೊಸ್ತಿಲಿನ ಎರಡು ಕಡೆಗೂ ಎರಡೆರಡಡಿಯ ಇಳಿಜಾರು ಹಲಗೆಗಳನ್ನು ಇಟ್ಟರು; ಬೇಡವಾದಾಗ ತೆಗೆದಿಡಬಹುದು. ಜಗಲಿಯಿಂದ ಅಂಗಳಕ್ಕೆ ಒಂದೂವರೆ ಅಡಿ. ಅದಕ್ಕೆ ಹದಿನೆಂಟು ಅಡಿ ಉದ್ದದ ಹಾದಿಯು ಬೇಕಾಯಿತು. ಅದನ್ನು ಅಂಗಳದ ನಡುವೆ ಚಾಚದೆ, ಪಾಚಿ ಕಟ್ಟದಂತೆ ಸೂರಿನ ಕೆಳಗೇ ಗೋಡೆಯುದ್ದಕ್ಕೂ ಒರಟು ಕಲ್ಲಿನಿಂದ ಕಟ್ಟಿದರು.

ಜಗಲಿಯ ಇನ್ನೊಂದು ತುದಿಯಲ್ಲಿ ಗುದ್ದಲಿ, ಹಾರೆಗಳನ್ನಿಡುತ್ತಿದ್ದ ಸಣ್ಣ ಕೋಣೆಯು ಒದ್ದೆಯ ಕೋಣೆಯಾಯಿತು. ನಾಲ್ಕು ಅಡಿಗೆ ಒಂದಂಗುಲದಂತೆ ನೆಲಕ್ಕೆ ಓಟ ಕೊಟ್ಟು, ನೀರನ್ನು ಬಾಳೆಯ ಬುಡಕ್ಕೆ ಹರಿಸಿದ್ದಾರೆ. ಬೂಟು ಬಿಚ್ಚಲು ಕಲ್ಲುಹಾಸಿನ ಆಸನ, ಗಾಳಿಯಾಡುವಂತೆ ಅಡಕೆಯ ದಬ್ಬೆಯ ಚಪ್ಪಲಿಗೂಡು, ಮಕ್ಕಳ ಕೈಗೆ ಎಟುಕುವಂತೆ ಕೆಳಗೊಂದು ಸಾಲು ಗೂಟ, ದೊಡ್ಡವರಿಗೆ ಮೇಲೊಂದು ಸಾಲು. ಈ ಕೆಳಗಿನ ಸಾಲೇ ಎಲ್ಲಕ್ಕಿಂತ ಜಾಣತನದ್ದೆಂದು ಗೃಹಿಣಿಯರು ಒಪ್ಪಿಯಾರು. ಕಲ್ಲುಮರಿಗೆಯು ತನ್ನ ಸ್ಥಳದಲ್ಲಿಯೇ ಇದೆ. ಮೇಲೊಂದು ನಲ್ಲಿ ಬಂದಿದೆ, ಅಷ್ಟೆ.

ನಾವು ಹೋದ ದಿನ ತಾಯಿಯವರು ಜಗಲಿಯಲ್ಲಿದ್ದರು. ಮಳೆ ಧಾರಾಕಾರವಾಗಿ ಸುರಿಯುತ್ತಿತ್ತು. ನಾವು ಅಂಗಳವನ್ನು ದಾಟುತ್ತಿದ್ದಂತೆಯೇ, “ಕಾಲಿಗೆ ಇಂಬಳ ಹತ್ತಿದೆಯೋ ನೋಡಿಕೊಂಡು ಮೇಲಕ್ಕೆ ಬನ್ನಿ” ಎಂದು ಕೂಗಿ ಹೇಳಿದರು. ಎಡಗಾಲಿನಲ್ಲಿ ಎರಡಿದ್ದುವು.