ನಾವು ಕೈಬಿಟ್ಟದ್ದು

ಹೋದ ವರ್ಷ ಕಾಫಿ ಕೊಯ್ಲಿನ ಹೊತ್ತಿಗೆ ನಾವು ಮೂವರು ಕಳಸದ ಕಡೆಯ ತೋಟವೊಂದಕ್ಕೆ ಹೋಗಿದ್ದೆವು. ಲೈನ್ ಮನೆಯ ಅಕ್ಕನೊಬ್ಬರಿಗೆ ಹುಟ್ಟಿನಿಂದ ಕಿವಿ ಕೇಳದು. ಎಲ್ಲರೂ ಅವರನ್ನು 'ಮೂಗಿ' ಎಂದೇ ಕರೆಯುತ್ತಾರೆ. ಕೇಳಿಸದವರೆದುರು ಹೆಸರಿಗೂ ಬೈಗುಳಕ್ಕೂ ವ್ಯತ್ಯಾಸ ಬೇಡವಲ್ಲ! ತೋಟದ ರೈಟರ್ ಅವರ ಬಗ್ಗೆ ಹತ್ತು ನಿಮಿಷ ಮಾತಾಡಿದರು, ನಾವು ಬರೆದುಕೊಂಡೆವು. ಅಕ್ಕನೂ ಮಾತಾಡಿದರು, ಕೈಯಲ್ಲಿ. ತರಗತಿಯಲ್ಲಿ ಕಲಿತಂತೆ ಮೊಬೈಲನ್ನು ಹತ್ತಿರ ಒಯ್ದು ಮುಖದ ಭಾವ ಹಿಡಿದೆವು. ಚೆಂದ ಬಂತು ಎಂದು ನಾವೇ ಮೆಚ್ಚಿಕೊಂಡೆವು.

ಆಮೇಲೆ ಕ್ರಿಸ್ಟೀನ್ ಸನ್ ಕಿಮ್ ಬಗ್ಗೆ ಓದಿದೆವು. 1980ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ ಬರ್ಲಿನ್‌ನಲ್ಲಿ ನೆಲೆಸಿದ ಈ ಕಲಾವಿದೆಗೂ ಹುಟ್ಟಿನಿಂದ ಕಿವಿ ಕೇಳದು. ಆದರೂ ಅವರ ಕೆಲಸ ಶಬ್ದದ ಮೇಲೆಯೇ. (ಕನ್ನಡದಲ್ಲಿ ಶಬ್ದವೆಂದರೆ ಸದ್ದೂ ಹೌದು, ಪದವೂ ಹೌದು.) ಸಂಗೀತದ ಗುರುತುಗಳನ್ನು ಅವರು ಇದ್ದಿಲಿನಲ್ಲಿ ಬರೆಯುತ್ತಾರೆ. ಪಾಶ್ಚಾತ್ಯ ಸಂಗೀತದಲ್ಲಿ 'ಪಿ' ಅಕ್ಷರವೆಂದರೆ ಮೆಲುದನಿ, ಎರಡು 'ಪಿ' ಇನ್ನೂ ಮೆಲ್ಲಗೆ. ಎಷ್ಟು ಸಾವಿರ 'ಪಿ' ಸೇರಿಸಿದರೂ ಪೂರ್ತಿ ಮೌನ ಸಿಗುವುದಿಲ್ಲ ಎನ್ನುತ್ತಾರೆ ಕಿಮ್. ಮೂಡಿಗೆರೆಯ ಆಷಾಢ ಕಂಡವರಿಗೆ ಇದು ಬೇಗ ಅರ್ಥವಾದೀತು. ಮಳೆ ನಿಂತ ಮೇಲೂ ಮರ ಹನಿಯುತ್ತಲೇ ಇರುತ್ತದೆ.

2020ರ ಫೆಬ್ರವರಿಯಲ್ಲಿ ಮಯಾಮಿಯ ಸೂಪರ್ ಬೌಲ್ ಪಂದ್ಯಕ್ಕೆ ಮುನ್ನ ಕಿಮ್ ಅಮೆರಿಕದ ರಾಷ್ಟ್ರಗೀತೆಯನ್ನು ಸನ್ನೆ ಭಾಷೆಯಲ್ಲಿ ಹಾಡಿದರು. ಕ್ಯಾಮೆರಾ ಅವರನ್ನು ಕೆಲವೇ ಸೆಕೆಂಡು ತೋರಿಸಿ ಆಟಗಾರರ ಮುಖಗಳತ್ತ ತಿರುಗಿತು. ಆ ಸಿಟ್ಟನ್ನು ಅವರು ಪತ್ರಿಕೆಯಲ್ಲಿ ಬರೆದರು.

ಅದನ್ನು ಓದಿ ನಮ್ಮ ವಿಡಿಯೊ ಮತ್ತೆ ತೆರೆದೆವು. ಮುಖವಿದೆ, ಕಣ್ಣಿದೆ. ಕೈಗಳಿಲ್ಲ. ಆಗೊಮ್ಮೆ ಈಗೊಮ್ಮೆ ಬೆರಳ ತುದಿ ಪರದೆಯ ಅಂಚಿಗೆ ಬಂದು ಮಾಯವಾಗುತ್ತದೆ. ನಾಲ್ಕು ನಿಮಿಷದ ಮಾತು ಅದು.

ಈ ಸಲ ಕೊಯ್ಲಿಗೆ ಮತ್ತೆ ಹೋದೆವು. ಅಕ್ಕ ಶಾಲೆ ಕಂಡವರಲ್ಲ. ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2018ರಲ್ಲಿ 3,000 ಪದಗಳ ನಿಘಂಟು ತಂದಿದೆ. ಆ ಸನ್ನೆಗಳೂ ಅವರಿಗೆ ಬಾರವು. ಇರುವುದು ತಾಯಿ ಮಗಳ ನಡುವೆ ಬೆಳೆದ ಸನ್ನೆಗಳಷ್ಟೇ. ಹಾಗಾಗಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡೆವು. ಮೊಬೈಲನ್ನು ನಾಲ್ಕು ಹೆಜ್ಜೆ ಹಿಂದಕ್ಕೆ ಒಯ್ದೆವು, ಮೊಣಕೈ ತನಕ ಕಾಣುವ ಹಾಗೆ.

ಅಕ್ಕ ಬೆನ್ನಿನಿಂದ ಚೀಲ ಇಳಿಸಿದಂತೆ ಮಾಡಿದರು. ತೂಕದ ಕೊಕ್ಕೆಗೆ ಸಿಕ್ಕಿಸಿದಂತೆ ಮಾಡಿ ಎರಡು ಬೆರಳು ತೋರಿಸಿದರು. ಅಂಗೈ ಮೇಲೆ ಬರೆದಂತೆ ಮಾಡಿ ಒಂದೇ ಬೆರಳು.

"ಎರಡು ಚೀಲ ತೂಗಿ ಒಂದೇ ಬರ್ಕೊಂತಾರಂತೆ," ಎಂದಳು ಮಗಳು. "ಹೋದ ವರ್ಷನೂ ನಿಮಗೆ ಇದನ್ನೇ ಹೇಳಿದ್ರಂತೆ."