ಅಂಗಳಕ್ಕೆ ಎರಡು ಸಲ ಇಂಟರ್‌ಲಾಕ್ ಹಾಕಿಸಿದ ಕಥೆ

ನಮ್ಮದು ಎರೆಮಣ್ಣಿನ ಊರು. ಮಳೆಗಾಲದಲ್ಲಿ ರಸ್ತೆಯಿಂದ ಬಾಗಿಲಿಗೆ ಬರುವಷ್ಟರಲ್ಲಿ ಚಪ್ಪಲಿ ಕೆಸರಿಗೆ ಕಚ್ಚಿಕೊಳ್ಳುತ್ತದೆ. ಮೊಣಕಾಲು ನೋವಿನ ಅವ್ವನಿಗೆ ಅಂಗಳ ದಾಟುವುದೇ ಕಷ್ಟವಾದಾಗ, ಮೆಣಸಿನಕಾಯಿ ಮಾರಿದ ದುಡ್ಡಿನಲ್ಲಿ ಇಂಟರ್‌ಲಾಕ್ ಕಲ್ಲು ಹಾಕಿಸಲು ಅಣ್ಣತಮ್ಮಂದಿರು ತೀರ್ಮಾನ ಮಾಡಿದೆವು.

ಮೇಸ್ತ್ರಿ ಮೊದಲೇ ಹೇಳಿದ್ದರು: “ಮಣ್ಣು ತಗಸ್ರಿ, ಗರಸು ತುಂಬಸ್ರಿ. ತಳಾ ಗಟ್ಟಿ ಇಲ್ಲಂದ್ರ ಮ್ಯಾಲಿನ ಕಲ್ಲು ಏನ್ ಮಾಡ್ತಾವ್ರಿ?” ಕಣ್ಣಿಗೆ ಕಾಣದ ಕೆಲಸಕ್ಕೆ ಅಷ್ಟು ಖರ್ಚು ಯಾಕೆಂದು ನಾವೇ ಒಪ್ಪಲಿಲ್ಲ. ಇದ್ದ ನೆಲದ ಮೇಲೆ ಕ್ರಷರ್ ಪುಡಿ ಚೆಲ್ಲಿಸಿ ಕಲ್ಲು ಜೋಡಿಸಿಬಿಟ್ಟೆವು.

ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಒಂದೇ ಮುಂಗಾರಿಗೆ ಟ್ರ್ಯಾಕ್ಟರ್ ಗಾಲಿ ಹೋದಲ್ಲಿ ತಗ್ಗು ಬಿತ್ತು. ಅಂಚಿಗೆ ಕಟ್ಟೆ ಇರಲಿಲ್ಲ, ಕೊನೆಯ ಸಾಲು ಹೊರಗೆ ಸರಿಯಿತು. ಎದ್ದು ನಿಂತ ಕಲ್ಲಿಗೆ ಎಡವಿ ಅವ್ವ ಬಿದ್ದಳು. ಮುಂಗೈ ಮೂಳೆ ಮುರಿಯಿತು. ಮೇಸ್ತ್ರಿಯನ್ನು ಬೈಯಲು ನಮಗೆ ಬಾಯಿ ಇರಲಿಲ್ಲ.

ಕಲ್ಲು ತೆಗೆಸಿ ನೋಡಿದರೆ ಒಂದೂ ಒಡೆದಿರಲಿಲ್ಲ. ಕೆಟ್ಟಿದ್ದು ತಳ ಮಾತ್ರ. ಈ ಸಲ ಮೇಸ್ತ್ರಿ ಹೇಳಿದಂತೆ ಕೇಳಿದೆವು. 18 ಇಂಚು ಅಗೆಸಿದೆವು. ಗರಸು 8 ಇಂಚು, ಅದರ ಮೇಲೆ ದೊಡ್ಡದು, ಸಣ್ಣದು, ಪುಡಿ ಎಲ್ಲ ಬೆರೆತ ಖಡಿ 6 ಇಂಚು. ಎರಡನ್ನೂ ಒಮ್ಮೆಲೇ ಸುರಿಯದೆ, 3-4 ಇಂಚಿಗೊಂದು ಪದರ ಹರಡಿ, ನೀರು ಚಿಮುಕಿಸಿ ಮಷಿನ್‌ನಿಂದ ದಮ್ಮಸು ಹೊಡೆಸಿದೆವು. ದಪ್ಪ ಪದರವಾದರೆ ಮೇಲಷ್ಟೇ ಗಟ್ಟಿಯಾಗಿ ಒಳಗೆ ಸಡಿಲ ಉಳಿಯುತ್ತದೆ.

ಇಳಿಜಾರನ್ನು ಖಡಿಯಲ್ಲೇ ಕೊಡಬೇಕು. ದಾರ ಕಟ್ಟಿ, ನೀರಿನ ಪೈಪಿನಿಂದ ಲೆವೆಲ್ ನೋಡಿ, ಮನೆಯಿಂದ ಗಟಾರದ ಕಡೆಗೆ 10 ಅಡಿಗೆ ಸುಮಾರು ಎರಡೂವರೆ ಇಂಚು ಇಳಿಸಿದೆವು. ತಗ್ಗನ್ನು ಉಸುಕಿನಿಂದ ಮುಚ್ಚಿದರೆ ಅಲ್ಲೇ ಮತ್ತೆ ಕುಸಿಯುತ್ತದೆ. ಅಂಚಿಗೆಲ್ಲ ಕಾಂಕ್ರೀಟ್ ಕಟ್ಟೆ ಕಟ್ಟಿಸಿದೆವು. ಕೊನೆಗೆ ಒಂದೂವರೆ ಇಂಚು ದಪ್ಪ ಉಸುಕು ಹರಡಿ, ಅದನ್ನು ತುಳಿಯದೆ ಕಲ್ಲು ಜೋಡಿಸಿ, ಮೇಲೆ ಮಷಿನ್ ಓಡಿಸಿ, ಸಂದಿಗೆ ಒಣ ಸಣ್ಣ ಉಸುಕು ಗುಡಿಸಿ ತುಂಬಿಸಿದೆವು.

ನಮ್ಮ ಕಲ್ಲು 60 ಮಿಲಿಮೀಟರಿನವು. ಬೈಕು, ಕಾರಿಗೆ ಸಾಕು. ಹೇರು ತುಂಬಿದ ಟ್ರ್ಯಾಕ್ಟರ್‌ಗೆ 80 ಮಿಲಿಮೀಟರಿನವು ಬೇಕು. ಅದಕ್ಕೇ ಈಗ ಟ್ರೇಲರ್ ರಸ್ತೆಯಲ್ಲೇ ನಿಲ್ಲಿಸಿ ಚೀಲ ಹೊತ್ತು ತರುತ್ತೇವೆ.

ಒಂದು ಮಳೆಗಾಲ ಕಳೆದಿದೆ. ನೀರು ನಿಂತಿಲ್ಲ, ಕಲ್ಲು ಅಲುಗಿಲ್ಲ. ಅವ್ವನ ಕೈ ಮಾತ್ರ ಮೊದಲಿನ ಹಾಗೆ ಆಗಲಿಲ್ಲ. ರೊಟ್ಟಿ ಬಡಿಯುವಾಗ ಇನ್ನೂ ನೋಯುತ್ತದೆ ಅನ್ನುತ್ತಾಳೆ. ನೀವು ಅಂಗಳಕ್ಕೆ ಕಲ್ಲು ಹಾಕಿಸುವುದಿದ್ದರೆ, ಬಣ್ಣ ಆರಿಸುವ ಮೊದಲು ನಿಮ್ಮ ಮಣ್ಣು ಯಾವುದೆಂದು ನೋಡಿ.